ಬೀಗಕ್ಕೊಂದು ಅಂಕಿ, ಆಟಕ್ಕೊಂದು ಅಂಕಿ

ಅಂಕಿಯಲ್ಲಿ ಏನನ್ನಾದರೂ ಅಡಗಿಸುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಇದು ಯಾರಿಗೆ ತಿಳಿಯಬೇಕು? ಎಲ್ಲರಿಗೂ ತಿಳಿಯಬೇಕಾದರೆ ಅದು ಸಂಕೇತ. ಬಸ್ಸಿನ ಹಣೆಯ ಮೇಲಿನ 500ಡಿ, ಅಂಚೆ ವಿಳಾಸದ ಕೊನೆಯ 560004, ಜಯನಗರದಲ್ಲಿ ನೋಂದಣಿಯಾದ ವಾಹನದ ಕೆಎ 05, ಇವೆಲ್ಲ ಆ ಜಾತಿಯವು. ಸ್ವಲ್ಪ ತಲೆ ಕೆರೆದುಕೊಂಡ ಮೇಲೆ ತಿಳಿಯಬೇಕಾದರೆ ಅದು ಒಗಟು, ಆಟದ ಸಾಮಾನು. ನಿಮ್ಮನ್ನು ಬಿಟ್ಟು ಇನ್ನಾರಿಗೂ ತಿಳಿಯಬಾರದಾದರೆ ಅದು ಬೀಗ. ಒಂದರ ಕೆಲಸಕ್ಕೆ ಇನ್ನೊಂದನ್ನು ಹಚ್ಚಿದಾಗಲೇ ಎಡವಟ್ಟಾಗುವುದು. ರಸ್ತೆಯಲ್ಲಿ ಹೋಗುವವರೆಲ್ಲ ಓದುವ ಸ್ಕೂಟರ್ ನಂಬರನ್ನು ಎಟಿಎಂ ಪಿನ್ ಮಾಡಿಕೊಂಡವರು ಸಂಕೇತವನ್ನು ಬೀಗಕ್ಕೆ ಹಾಕಿದ್ದಾರೆ. ಹುಟ್ಟುಹಬ್ಬದ ಆಟದಲ್ಲಿ ಮಕ್ಕಳಿಗೆ ಬಿಡಿಸಲಾಗದ ಗುಟ್ಟು ಕೊಟ್ಟು ಅಳಿಸುವವರು ಬೀಗವನ್ನು ಆಟಕ್ಕೆ ತಂದಿದ್ದಾರೆ.

ನಾನು ಬ್ಯಾಂಕಿನಲ್ಲಿ ಅಧಿಕಾರಿಯಾಗಿ ದುಡಿದು ನಿವೃತ್ತಳಾದವಳು. ಬಸವನಗುಡಿಯಲ್ಲಿ ನನ್ನ ಮನೆ. ಬೇಸಿಗೆ ರಜೆಯಲ್ಲಿ ಓಣಿಯ ಮಕ್ಕಳನ್ನು ಲಾಲ್‌ಬಾಗಿಗೆ ಕರೆದುಕೊಂಡು ಹೋಗಿ ಅಂಕಿಗಳ ನಿಧಿಶೋಧ ಆಡಿಸುತ್ತೇನೆ. ಉಳಿದ ಕಾಲದಲ್ಲಿ ಅಕ್ಕಪಕ್ಕದ ಹಿರಿಯರು ಪಿನ್ ಬದಲಿಸಬೇಕೆಂದು ನನ್ನ ಊಟದ ಮೇಜಿನ ಮುಂದೆ ಬಂದು ಕೂರುತ್ತಾರೆ. ಎರಡೂ ಕೆಲಸಗಳನ್ನು ಮಾಡುವ ಬಗೆಯನ್ನು ಇಲ್ಲಿ ಬರೆಯುತ್ತಿದ್ದೇನೆ.

ಬೀಗದ ಅಂಕಿಯನ್ನು ಆರಿಸಬೇಡಿ, ಎತ್ತಿ

ನಾಲ್ಕಂಕಿಯ ಪಿನ್ ಬ್ಯಾಂಕಿಗೆ ಬಂದ ಕಥೆಯನ್ನು ಮೊದಲು ಹೇಳಿಬಿಡುತ್ತೇನೆ. 1967ರ ಜೂನ್ 27ರಂದು ಲಂಡನ್ನಿನ ಎನ್‌ಫೀಲ್ಡ್‌ನಲ್ಲಿ ಬಾರ್ಕ್ಲೇಸ್ ಬ್ಯಾಂಕು ಹಣ ಕೊಡುವ ಯಂತ್ರವನ್ನು ತೆರೆಯಿತು. ಅದರ ಹಿಂದಿದ್ದವರು ಜಾನ್ ಶೆಫರ್ಡ್-ಬ್ಯಾರನ್. ಅವರು ಹುಟ್ಟಿದ್ದು ನಮ್ಮ ಶಿಲ್ಲಾಂಗಿನಲ್ಲಿ. ಆರು ಅಂಕಿ ಇಡಬೇಕೆಂದು ಅವರು ಯೋಚಿಸಿದ್ದರು. ತನಗೆ ನಾಲ್ಕಕ್ಕಿಂತ ಹೆಚ್ಚು ನೆನಪಿರುವುದಿಲ್ಲವೆಂದು ಅಡುಗೆಮನೆಯ ಮೇಜಿನ ಬಳಿ ಹೆಂಡತಿ ಹೇಳಿದ್ದರಿಂದ ನಾಲ್ಕಕ್ಕೆ ಇಳಿಸಿದೆ ಎಂದು ಅವರೇ ಮುಂದೆ ಹೇಳಿಕೊಂಡರು.

0000ದಿಂದ 9999ರವರೆಗೆ ಒಟ್ಟು 10,000 ಪಿನ್‌ಗಳಿವೆ. ಮೂರು ಸಲ ತಪ್ಪಿದರೆ ಕಾರ್ಡು ನಿಂತುಹೋಗುತ್ತದೆ ಎಂದುಕೊಳ್ಳಿ. ಆಗ ಕಳ್ಳನಿಗೆ ಸಿಗುವುದು 10,000ರಲ್ಲಿ 3 ಅವಕಾಶ. ಇದು ಒಳ್ಳೆಯ ಬೀಗ. ಆದರೆ ನೀವು ಹುಟ್ಟಿದ ದಿನ ಮತ್ತು ತಿಂಗಳನ್ನು ಇಟ್ಟ ಕೂಡಲೇ ಆ 10,000 ಕುಸಿದು 366 ಆಗುತ್ತದೆ. ಕಳ್ಳನ ಕೆಲಸ ಇಪ್ಪತ್ತೇಳು ಪಟ್ಟು ಸುಲಭವಾಯಿತು. ಅವನಿಗೆ ನಿಮ್ಮ ಹುಟ್ಟುಹಬ್ಬ ತಿಳಿದಿರಬೇಕೆಂದೇನೂ ಇಲ್ಲ, ನೀವು ಇಂಥದ್ದನ್ನು ಇಡುವವರು ಎಂದು ತಿಳಿದರೆ ಸಾಕು. 2012ರಲ್ಲಿ ಡೇಟಾ ಜೆನೆಟಿಕ್ಸ್ ಎಂಬ ಸಂಸ್ಥೆ ಸೋರಿಕೆಯಾಗಿದ್ದ ಸುಮಾರು 34 ಲಕ್ಷ ನಾಲ್ಕಂಕಿ ಗುಪ್ತಸಂಖ್ಯೆಗಳನ್ನು ಪರಿಶೀಲಿಸಿದಾಗ ಹತ್ತರಲ್ಲಿ ಒಂದಕ್ಕಿಂತ ಹೆಚ್ಚು ಪಾಲು 1234 ಇತ್ತು. 19ರಿಂದ ಶುರುವಾಗುವ ಇಸವಿಗಳೂ ರಾಶಿ ಬಿದ್ದಿದ್ದವು. ಮನುಷ್ಯರು ಆರಿಸಿದ ಅಂಕಿಗಳು ಯಾವಾಗಲೂ ಹೀಗೇ ಒಂದೇ ಕಡೆ ಗುಂಪುಗೂಡುತ್ತವೆ. ಮದುವೆಯ ಇಸವಿ, ಮನೆಯ ನಂಬರು, ಸೈಟಿನ ನಂಬರು ಯಾವುದೂ ಬೇಡ ಎಂದು ನಾನು ಕಟ್ಟುನಿಟ್ಟಾಗಿ ಹೇಳುವುದು ಈ ಕಾರಣಕ್ಕೆ.

ಹಾಗಾದರೆ ಏನು ಮಾಡಬೇಕು? ಮನೆಯಲ್ಲಿ ತಂಬೋಲ ಆಟದ ಡಬ್ಬಿ ಇದ್ದರೆ ತನ್ನಿ. ಅದರ ಬಿಲ್ಲೆಗಳಲ್ಲಿ 1ರಿಂದ 90ರವರೆಗೆ ಸಂಖ್ಯೆಗಳಿರುತ್ತವೆ. ಪ್ರತಿ ಬಿಲ್ಲೆಯ ಕೊನೆಯ ಅಂಕಿಯನ್ನು ಮಾತ್ರ ನೋಡಿ. ಕೊನೆಗೆ 0 ಇರುವವು ಒಂಬತ್ತು, 1 ಇರುವವು ಒಂಬತ್ತು, ಹೀಗೆ 9ರವರೆಗೂ ಎಲ್ಲವೂ ಸಮವಾಗಿ ಒಂಬತ್ತೊಂಬತ್ತು. ಇದಕ್ಕಿಂತ ನ್ಯಾಯವಾದ ಯಂತ್ರ ಮನೆಯಲ್ಲಿ ಸಿಗುವುದಿಲ್ಲ. ಚೀಲದೊಳಗೆ ಹಾಕಿ, ಚೆನ್ನಾಗಿ ಕಲಕಿ, ಕಣ್ಣು ಮುಚ್ಚಿ ಒಂದನ್ನು ಎತ್ತಿ. ಕೊನೆಯ ಅಂಕಿ ಬರೆದುಕೊಳ್ಳಿ. ಬಿಲ್ಲೆಯನ್ನು ಚೀಲಕ್ಕೆ ಹಿಂದಿರುಗಿಸಿ, ಮತ್ತೆ ಕಲಕಿ. ಹಿಂದಿರುಗಿಸುವುದನ್ನು ಮಾತ್ರ ಮರೆಯಬೇಡಿ, ಇಲ್ಲದಿದ್ದರೆ ಒಮ್ಮೆ ಬಂದ ಅಂಕಿ ಮತ್ತೆ ಬರುವ ಸಾಧ್ಯತೆ ತಗ್ಗುತ್ತದೆ. ನಾಲ್ಕು ಸಲ ಎತ್ತಿದರೆ ಪಿನ್ ಸಿದ್ಧ. ಯುಪಿಐಗೆ ಆರಂಕಿ ಇಡಲು ನಿಮ್ಮ ಬ್ಯಾಂಕು ಅವಕಾಶ ಕೊಡುವುದಾದರೆ ಆರು ಸಲ ಎತ್ತಿ.

ಚೌಕಾಬಾರದ ಕವಡೆ ಆಗುವುದಿಲ್ಲವೇ ಎಂದು ಹಲವರು ಕೇಳುತ್ತಾರೆ. ಆಗುವುದಿಲ್ಲ. ನಾಲ್ಕು ಕವಡೆ ಎಸೆದಾಗ ಎರಡು ಬೀಳುವುದಕ್ಕೆ ಹದಿನಾರರಲ್ಲಿ ಆರು ದಾರಿಗಳಿವೆ, ಚೌಕಕ್ಕೆ ಒಂದೇ, ಬಾರಕ್ಕೂ ಒಂದೇ. ಅದಕ್ಕೆಂದೇ ಆಟದಲ್ಲಿ ಚೌಕ ಬಾರ ಬಿದ್ದಾಗ ಅಷ್ಟು ಸಂಭ್ರಮ. ಎಲ್ಲ ಅಂಕಿಗೂ ಸಮಪಾಲು ಸಿಗಬೇಕಾದ ಕಡೆ ಕವಡೆ ಕೆಲಸಕ್ಕೆ ಬಾರದು. ಅದೂ ಅಲ್ಲದೆ ನಿಜವಾದ ಕವಡೆಯ ಎರಡು ಮಗ್ಗುಲು ಸಮತೂಕವಾಗಿಯೂ ಇರುವುದಿಲ್ಲ.

ನೆನಪಿಡಲು ಕಟಪಯಾದಿ

ಎದುರು ಮನೆಯ ರಾಯರಿಗೆ ಎಂಬತ್ತು ದಾಟಿದೆ. ಬಿಲ್ಲೆ ಎತ್ತಿದ ಮೇಲೆ ಚೀಟಿ ನೋಡುತ್ತ ಅವರು ಹೇಳಿದರು: “ಎಲ್ಲ ಸರಿ ಮೇಡಂ, ಆದರೆ ನಾಳೆ ಬೆಳಿಗ್ಗೆ ಇದು ನನಗೆ ನೆನಪಿರುತ್ತದೆಯೇ? ಹುಟ್ಟಿದ ಇಸವಿಯಾದರೆ ಮರೆಯುವುದಿಲ್ಲ.”

“ರಾಯರೇ, ಮೇಚಕಲ್ಯಾಣಿ ರಾಗ ಎಷ್ಟನೆಯ ಮೇಳ?”

“ಅರುವತ್ತೈದು.” ಅವರು ರೆಪ್ಪೆ ಕೂಡ ಬಡಿಯಲಿಲ್ಲ.

“ಹೇಗೆ ನೆನಪಿಟ್ಟಿರಿ?”

“ಮೇ ಅಂದರೆ ಐದು, ಚ ಅಂದರೆ ಆರು, ತಿರುಗಿಸಿ ಓದಿದರೆ ಅರುವತ್ತೈದು.” ಅಷ್ಟು ಹೇಳಿ ಅವರೇ ನಕ್ಕರು. ದಾರಿ ಅವರಿಗೆ ಆಗಲೇ ಕಂಡಿತ್ತು.

ಕಟಪಯಾದಿ ನಮ್ಮ ಹಿರಿಯರು ಸಂಖ್ಯೆಗಳನ್ನು ಮಾತಿನಲ್ಲಿ ಹಿಡಿದಿಟ್ಟ ಕ್ರಮ. ಕರ್ನಾಟಕ ಸಂಗೀತದ ಮೂಲರಾಗಗಳಾದ ಮೇಳಕರ್ತಗಳ ಕ್ರಮಸಂಖ್ಯೆ ಹೀಗೆ ಅವುಗಳ ಹೆಸರಿನ ಮೊದಲೆರಡು ಅಕ್ಷರಗಳಲ್ಲೇ ಅಡಗಿದೆ. ಪಟ್ಟಿ ಇಷ್ಟೇ:

1: ಕ ಟ ಪ ಯ
2: ಖ ಠ ಫ ರ
3: ಗ ಡ ಬ ಲ
4: ಘ ಢ ಭ ವ
5: ಙ ಣ ಮ ಶ
6: ಚ ತ ಷ
7: ಛ ಥ ಸ
8: ಜ ದ ಹ
9: ಝ ಧ ಳ
0: ಞ ನ, ಮತ್ತು ಒಂಟಿಯಾಗಿ ಬರುವ ಸ್ವರ

ಕಾಗುಣಿತ ಲೆಕ್ಕಕ್ಕಿಲ್ಲ, ಕ, ಕಿ, ಕೋ ಎಲ್ಲವೂ 1. ಅನುಸ್ವಾರವೂ ಲೆಕ್ಕಕ್ಕಿಲ್ಲ. ಒತ್ತಕ್ಷರದಲ್ಲಿ ಕೊನೆಯ ವ್ಯಂಜನವನ್ನು ಎಣಿಸುವುದು ವಾಡಿಕೆ. ಮೇಳಕರ್ತ ಹೆಸರುಗಳಲ್ಲಿ ಇದಕ್ಕೆ ಅಪವಾದಗಳಿವೆ: ಚಕ್ರವಾಕ 16 ಆಗಬೇಕಾದರೆ ‘ಕ್ರ’ದಲ್ಲಿ ಕ ಹಿಡಿಯಬೇಕು, ರ ಅಲ್ಲ. ನಿಮ್ಮ ಪಿನ್‌ಗೆ ಒತ್ತಕ್ಷರವೇ ಇಲ್ಲದ ಮಾತು ಹುಡುಕಿದರೆ ಈ ತಕರಾರು ಏಳುವುದಿಲ್ಲ.

ಈಗ ಕೆಲಸಕ್ಕೆ ಬನ್ನಿ. ಬಿಲ್ಲೆಗಳು 45, 7, 61, 29 ಬಂದವು ಎಂದುಕೊಳ್ಳಿ. ಅಂಕಿಗಳು 5, 7, 1, 9. ಐದಕ್ಕೆ ಮ, ಏಳಕ್ಕೆ ಸ, ಒಂದಕ್ಕೆ ಕ, ಒಂಬತ್ತಕ್ಕೆ ಳ. ಕಾಗುಣಿತ ನಮ್ಮ ಇಷ್ಟ. ‘ಮೀಸೆ ಕೋಳಿ’ ಎಂದು ಬರೆಯಿರಿ. ಮೀಸೆ ಬಿಟ್ಟ ಕೋಳಿಯೊಂದನ್ನು ಕಣ್ಣ ಮುಂದೆ ನಿಲ್ಲಿಸಿಕೊಂಡವರು 5719 ಮರೆಯುವುದು ಕಷ್ಟ. ಆರಂಕಿಗೆ 18, 73, 4, 53, 88, 60 ಬಂದರೆ 834380. ಅದು ‘ಹಾಡುವ ಬದನೆ’. ವಿಚಿತ್ರವಾದಷ್ಟೂ ಒಳ್ಳೆಯದು. ಮೇಳಕರ್ತದಲ್ಲಿ ಬಲದಿಂದ ಓದುವುದು ಸಂಪ್ರದಾಯ, ಪಿನ್‌ಗೆ ಎಡದಿಂದಲೇ ಓದಿ. ಯಂತ್ರದ ಮುಂದೆ ನಿಂತು ತಿರುಗಿಸುವ ತಾಪತ್ರಯ ಬೇಡ.

ಒಂದು ನಿಯಮವನ್ನು ಎಂದೂ ಮುರಿಯಬೇಡಿ: ಅಂಕಿ ಮೊದಲು, ಮಾತು ಆಮೇಲೆ. ಇಷ್ಟದೇವರ ಹೆಸರನ್ನೋ ಮೊಮ್ಮಗಳ ಹೆಸರನ್ನೋ ತೆಗೆದುಕೊಂಡು ಅದರಿಂದ ಅಂಕಿ ಮಾಡಿದರೆ ಮತ್ತೆ ಆರಿಸಿದ ಹಾಗಾಯಿತು, ಬಿಲ್ಲೆ ಎತ್ತಿದ್ದಕ್ಕೆ ಅರ್ಥ ಉಳಿಯುವುದಿಲ್ಲ. ಮೇಲಿನ ಎರಡು ಉದಾಹರಣೆಗಳನ್ನೂ ಬಳಸಬೇಡಿ, ಅವು ಇನ್ನು ಮೇಲೆ ಸಾರ್ವಜನಿಕ.

ವಿಧಾನವನ್ನು ಹೀಗೆ ಬಯಲಿಗಿಟ್ಟರೆ ಕಳ್ಳನಿಗೆ ಅನುಕೂಲವಲ್ಲವೇ? ಇಲ್ಲ. ಬೀಗದ ರಚನೆ ಶತ್ರುವಿನ ಕೈಗೆ ಸಿಕ್ಕರೂ ತೊಂದರೆಯಾಗಬಾರದು, ಕೀಲಿ ಒಂದು ಗುಟ್ಟಾಗಿದ್ದರೆ ಸಾಕಾಗಬೇಕು ಎಂದು ಗುಪ್ತಲಿಪಿಯ ಪಂಡಿತ ಆಗಸ್ಟ್ ಕೆರ್ಕಾಫ್ಸ್ 1883ರಲ್ಲೇ ಬರೆದರು. ತಂಬೋಲ ಮತ್ತು ಕಟಪಯಾದಿ ಎರಡೂ ಕಳ್ಳನಿಗೆ ಗೊತ್ತಿರಲಿ. ನಿಮ್ಮ ಚೀಲದಿಂದ ಬಂದ ಬಿಲ್ಲೆ ಯಾವುದೆಂದು ಅವನಿಗೆ ಗೊತ್ತಿಲ್ಲ.

ಬಾಗಿಲಿಗೆ ಅಂಕಿ ಒತ್ತುವ ಬೀಗ ಹಾಕಿಸಿಕೊಂಡವರು ಇನ್ನೊಂದನ್ನು ಗಮನಿಸಬೇಕು. ದಿನವೂ ಒತ್ತುವ ಗುಂಡಿಗಳು ಸವೆಯುತ್ತವೆ, ಬೆರಳಿನ ಜಿಡ್ಡು ಕೂರುತ್ತದೆ. ನಾಲ್ಕು ಗುಂಡಿ ಮಾಸಿದ್ದರೆ ನಾಲ್ಕಂಕಿಯ ಆ ಗುಟ್ಟಿಗೆ ಉಳಿಯುವುದು 24 ಸಾಧ್ಯತೆಗಳು. ಮೂರೇ ಗುಂಡಿ ಮಾಸಿದ್ದರೆ? ಒಂದು ಅಂಕಿ ಎರಡು ಸಲ ಬಂದಿರಬೇಕು, ಅದು ಯಾವುದೆಂದು ತಿಳಿಯದು; ಸಾಧ್ಯತೆಗಳು 36. ಅಂಕಿ ಮರುಕಳಿಸಿದರೆ ಬೀಗ ಸಡಿಲವಾಯಿತು ಎಂಬ ನಂಬಿಕೆ ಇಲ್ಲಿ ಸುಳ್ಳಾಗುತ್ತದೆ. ಹೇಗಿದ್ದರೂ ಬಟ್ಟೆಯಿಂದ ಹತ್ತೂ ಗುಂಡಿಗಳನ್ನು ಆಗಾಗ ಒರೆಸಿ. ಪೆಟ್ಟಿಗೆಯ ಮೂರು ಚಕ್ರದ ಬೀಗದ ಬಗ್ಗೆ ಹೆಚ್ಚು ಹೇಳುವುದಿಲ್ಲ: 1,000 ಸಾಧ್ಯತೆ, ಒಂದಕ್ಕೆ ಎರಡು ಸೆಕೆಂಡ್ ಹಿಡಿದರೆ ಅರ್ಧ ಗಂಟೆ ದಾಟುವಷ್ಟರಲ್ಲಿ ಎಲ್ಲವನ್ನೂ ತಿರುಗಿಸಿ ನೋಡಿಬಿಡಬಹುದು. ಅದರೊಳಗೆ ಒಡವೆ ಇಡಬೇಡಿ.

ಒಂದೇ ತಂತಿಯಲ್ಲಿ ಎರಡು ಬಗೆ

ಟೆಲಿಗ್ರಾಂ ಇದ್ದ ಕಾಲದಲ್ಲಿ ಮದುವೆಗೆ ಹೋಗಲಾಗದವರು ಅಂಚೆ ಕಚೇರಿಗೆ ಹೋಗಿ ಶುಭಾಶಯ ಸಂಖ್ಯೆ 8 ಎಂದು ಬರೆದುಕೊಟ್ಟರೆ ಸಾಕಿತ್ತು. ದೀರ್ಘಕಾಲ ಸುಖದಾಂಪತ್ಯ ನಡೆಸಿ ಎಂಬ ಅರ್ಥದ ಇಂಗ್ಲಿಷ್ ಸಾಲು ಅತ್ತ ಕಡೆ ಅಚ್ಚಾಗುತ್ತಿತ್ತು. ನವದಂಪತಿಗಳ ಮೇಲೆ ದೇವರ ಕೃಪೆ ಸುರಿಯಲಿ ಎನ್ನುವುದಕ್ಕೆ 16. ಪಟ್ಟಿ ಎಲ್ಲರಿಗೂ ತೆರೆದಿತ್ತು, ಅಂಕಿಯ ಕೆಲಸ ಅಲ್ಲಿ ಮಾತನ್ನು ಚಿಕ್ಕದಾಗಿಸುವುದಷ್ಟೇ. ಹ್ಯಾಮ್ ರೇಡಿಯೊ ಹವ್ಯಾಸಿಗಳು ಇಂದಿಗೂ ಮಾತು ಮುಗಿಸುವಾಗ 73 ಎನ್ನುತ್ತಾರೆ, ಶುಭ ಹಾರೈಕೆ ಎಂದು ಅರ್ಥ. ಅದೂ ತಂತಿ ಕಾಲದ ಉಳಿಕೆ. ನಮ್ಮಲ್ಲಿ ಮಿಸ್ಡ್ ಕಾಲ್ ಇದೇ ಕೆಲಸ ಮಾಡಿತು: ಒಂದು ರಿಂಗ್ ಆದರೆ ತಲುಪಿದೆ, ಎರಡಾದರೆ ಕೆಳಗೆ ಬಾ.

ಅದೇ ತಂತಿಯಲ್ಲಿ ಬ್ಯಾಂಕುಗಳು ಹಣ ವರ್ಗಾವಣೆಯ ಆದೇಶವನ್ನೂ ಕಳಿಸುತ್ತಿದ್ದವು. ನಾವು ಅದನ್ನು ಟಿಟಿ, ಅಂದರೆ ಟೆಲಿಗ್ರಾಫಿಕ್ ಟ್ರಾನ್ಸ್‌ಫರ್, ಎನ್ನುತ್ತಿದ್ದೆವು. ಇಂಥವರಿಗೆ ಇಷ್ಟು ಹಣ ಕೊಡಿ ಎಂದು ಯಾರು ಬೇಕಾದರೂ ತಂತಿ ಕಳಿಸಬಹುದಲ್ಲ? ಅದಕ್ಕಾಗಿ ಸಂದೇಶದ ಜೊತೆಗೆ ಒಂದು ಪರೀಕ್ಷಾ ಸಂಖ್ಯೆ ಹೋಗುತ್ತಿತ್ತು. ತಿಂಗಳಿಗೆ, ತಾರೀಖಿಗೆ, ಮೊತ್ತಕ್ಕೆ ಇಂತಿಷ್ಟು ಎಂದು ಗುಟ್ಟಿನ ಪುಸ್ತಕದಲ್ಲಿ ಅಂಕಿಗಳಿರುತ್ತಿದ್ದವು. ಅವನ್ನು ಕೂಡಿ ಬಂದದ್ದು ಸಂದೇಶದ ಸಂಖ್ಯೆಗೆ ತಾಳೆಯಾದರೆ ಮಾತ್ರ ಹಣ. ಪುಸ್ತಕ ಕಬ್ಬಿಣದ ಪೆಟ್ಟಿಗೆಯಲ್ಲಿ ಬೀಗದೊಳಗೆ. ಒಂದೇ ಕಾಗದದ ಮೇಲೆ ಊರಿಗೆಲ್ಲ ತಿಳಿದ 8 ಬರಬಹುದು, ಇಬ್ಬರಿಗೆ ಮಾತ್ರ ತಿಳಿದ ಪರೀಕ್ಷಾ ಸಂಖ್ಯೆಯೂ ಬರಬಹುದು; ನೋಟದಲ್ಲಿ ಎರಡೂ ಬರೀ ಅಂಕಿ. 2013ರ ಜುಲೈನಲ್ಲಿ ಟೆಲಿಗ್ರಾಂ ನಿಂತಿತು. ಪರೀಕ್ಷಾ ಸಂಖ್ಯೆಯ ಅಗತ್ಯ ಮಾತ್ರ ನಿಲ್ಲಲಿಲ್ಲ. ಅದು ಈಗ ಮನೆಗೆ ಬಂದಿದೆ.

ಮಗನ ದನಿಯಲ್ಲೇ ಫೋನ್ ಬರುತ್ತದೆ: ಅಪಘಾತವಾಗಿದೆ, ಈ ನಂಬರಿಗೆ ತಕ್ಷಣ ಹಣ ಕಳಿಸಿ. ದನಿಯನ್ನು ನಕಲು ಮಾಡುವ ತಂತ್ರಾಂಶಗಳಿರುವಾಗ ದನಿಯೊಂದನ್ನೇ ನಂಬಲಾಗದು. ಆದ್ದರಿಂದ ಪ್ರತಿ ಮನೆಯಲ್ಲೂ ಒಂದು ಪಟ್ಟಿ ಇರಲಿ. ತಂಬೋಲದಿಂದ ಮೂರಂಕಿಯ ಹತ್ತು ಸಂಖ್ಯೆಗಳನ್ನು ಎತ್ತಿ, 1ರಿಂದ 10ರವರೆಗೆ ಕ್ರಮಸಂಖ್ಯೆ ಹಾಕಿ, ಮನೆಮಂದಿ ಪ್ರತಿಯೊಬ್ಬರೂ ಒಂದೊಂದು ಕೈಬರಹದ ಪ್ರತಿ ಇಟ್ಟುಕೊಳ್ಳಿ. ಇಂಥ ಫೋನ್ ಬಂದಾಗ “ನಾಲ್ಕನೆಯದು ಹೇಳು” ಎನ್ನಿ. ಸರಿಯಾದ ಮೂರಂಕಿ ಬಾರದಿದ್ದರೆ ಫೋನಿಟ್ಟು, ನಿಮಗೆ ಗೊತ್ತಿರುವ ನಂಬರಿಗೆ ನೀವೇ ಕರೆ ಮಾಡಿ. ಬಂದರೂ ಆ ಸಾಲನ್ನು ಎಲ್ಲರೂ ಹೊಡೆದುಹಾಕಬೇಕು. ಒಮ್ಮೆ ಬಾಯಿಂದ ಹೊರಬಿದ್ದ ಸಂಖ್ಯೆ ಮತ್ತೆ ಬಳಕೆಗಿಲ್ಲ. ಪಟ್ಟಿಯ ಚಿತ್ರ ತೆಗೆದು ವಾಟ್ಸ್ಆ್ಯಪ್ ಗುಂಪಿಗೆ ಹಾಕಿದರೆ ಎಲ್ಲವೂ ವ್ಯರ್ಥ.

ಪಿನ್ ಊಹಿಸಿ ಕದಿಯುವವರಿಗಿಂತ ಕೇಳಿ ಪಡೆಯುವವರೇ ಹೆಚ್ಚು. ಒಟಿಪಿ ಕೇಳುವ ಅಧಿಕಾರ ಯಾವ ಬ್ಯಾಂಕಿನವರಿಗೂ ಇಲ್ಲ. ಯುಪಿಐನಲ್ಲಿ ಹಣ ನಿಮಗೆ ಬರಲು ಪಿನ್ ಒತ್ತಬೇಕಿಲ್ಲ. ಒತ್ತಲು ಹೇಳಿದರೆ ಹಣ ಹೋಗುತ್ತದೆ ಎಂದೇ ತಿಳಿಯಿರಿ. ಹೋಗಿಬಿಟ್ಟರೆ ಆ ಕ್ಷಣವೇ 1930ಕ್ಕೆ ಕರೆ ಮಾಡಿ. ಅದು ಸೈಬರ್ ವಂಚನೆಗೆಂದೇ ಇರುವ ರಾಷ್ಟ್ರೀಯ ಸಹಾಯವಾಣಿ. ತಡವಾದಷ್ಟೂ ಹಣ ಖಾತೆಯಿಂದ ಖಾತೆಗೆ ಜಾರುತ್ತದೆ.

ತಪ್ಪು ಹಿಡಿಯುವ ಅಂಕಿ

1972ರ ಆಗಸ್ಟ್ 15ರಂದು ಬಂದ ಅಂಚೆ ಪಿನ್‌ಕೋಡ್ ಅಚ್ಚುಕಟ್ಟಾದ ಸಂಕೇತ. ಆದರೆ ಅದರಲ್ಲಿ ಒಂದು ಕೊರತೆಯಿದೆ. ಬಸವನಗುಡಿಯ 560004ರಲ್ಲಿ ಕೊನೆಯ ಎರಡು ಅಂಕಿ ಅದಲುಬದಲಾದರೆ 560040, ಅಂದರೆ ವಿಜಯನಗರ. ತಪ್ಪಾಗಿದೆ ಎಂದು ಅಂಕಿ ತಾನಾಗಿ ಹೇಳುವುದಿಲ್ಲ. ಬ್ಯಾಂಕ್ ಕಾರ್ಡಿನ ಸಂಖ್ಯೆ ಹೇಳುತ್ತದೆ. ಐಬಿಎಂನ ಹಾನ್ಸ್ ಪೀಟರ್ ಲೂನ್ ರೂಪಿಸಿದ, 1960ರಲ್ಲಿ ಪೇಟೆಂಟ್ ಪಡೆದ ಲೆಕ್ಕ ಅದರ ಕೊನೆಯ ಅಂಕಿಯಲ್ಲಿ ಅಡಗಿದೆ. 560004ಕ್ಕೇ ಅದನ್ನು ಹಾಕಿ ತೋರಿಸುತ್ತೇನೆ.

ಬಲತುದಿಯಿಂದ ಹೊರಟು ಒಂದು ಬಿಟ್ಟು ಒಂದನ್ನು ಇಮ್ಮಡಿ ಮಾಡಿ. ಎರಡಂಕಿ ಬಂದರೆ ಅವೆರಡನ್ನೂ ಕೂಡಿಸಿ. 4 ಇಮ್ಮಡಿಯಾಗಿ 8, ಪಕ್ಕದ 0 ಹಾಗೇ, ಮುಂದಿನ 0 ಇಮ್ಮಡಿಯಾದರೂ 0, ಅದರಾಚೆಯ 0 ಹಾಗೇ, 6 ಇಮ್ಮಡಿಯಾಗಿ 12, ಕೂಡಿದರೆ 3, 5 ಹಾಗೇ. ಒಟ್ಟು 16. ಮುಂದಿನ ಹತ್ತರ ಮಡಿ 20 ಮುಟ್ಟಲು 4 ಬೇಕು. ಆ 4 ಅನ್ನು ತುದಿಗೆ ಸೇರಿಸಿ: 5600044. ಈಗ ಯಾರೋ 5600404 ಎಂದು ಬರೆದರೆನ್ನಿ. 560040ಕ್ಕೆ ಅದೇ ಲೆಕ್ಕ ಹಾಕಿದರೆ 12, ತುದಿಯ 4 ಸೇರಿಸಿದರೆ 16. ಹತ್ತರ ಮಡಿಯಲ್ಲ. ತಪ್ಪು ಸಿಕ್ಕಿಬಿತ್ತು.

ಮನೆಯಲ್ಲೇ ಪರೀಕ್ಷಿಸಬೇಕಾದರೆ ಮೊಬೈಲಿನಲ್ಲಿ *#06# ಒತ್ತಿ. ಬರುವ ಹದಿನೈದು ಅಂಕಿಯ ಐಎಂಇಐ, ಅಂದರೆ ಫೋನಿನ ಗುರುತುಸಂಖ್ಯೆ, ಕೂಡ ಇದೇ ಲೆಕ್ಕಕ್ಕೆ ಬದ್ಧ. ಅಕ್ಕಪಕ್ಕದ ಎರಡು ಅಂಕಿಗಳ ಅದಲುಬದಲಿನಲ್ಲಿ ಈ ಲೆಕ್ಕ ಸೋಲುವುದು 09 ಮತ್ತು 90ರ ಮುಂದೆ ಮಾತ್ರ. ಆಧಾರ್ ಸಂಖ್ಯೆಯ ಹನ್ನೆರಡನೆಯ ಅಂಕಿಗೆ ಬಳಸಿರುವ ವೆರ್ಹೂಫ್ ಲೆಕ್ಕ ಅದನ್ನೂ ಬಿಡುವುದಿಲ್ಲ. ಆದರೆ ಇವು ಕೈತಪ್ಪನ್ನು ಹಿಡಿಯುತ್ತವೆ, ಕಳ್ಳನನ್ನಲ್ಲ. ಲೆಕ್ಕ ಕಲಿತ ಯಾರು ಬೇಕಾದರೂ ಸರಿಯಾದ ತುದಿಯಂಕಿ ಹಾಕಬಲ್ಲರು.

ಆಟಕ್ಕೆ ಅಂಕಿ ಕಟ್ಟುವುದು

ಇದು ನನಗೆ ಅತ್ಯಂತ ಪ್ರಿಯವಾದ ಭಾಗ. ಆಟದ ಗುಟ್ಟು ಒಡೆಯಲೆಂದೇ ಹುಟ್ಟಿದ್ದು. ಆದ್ದರಿಂದ ಕಟ್ಟುವಾಗಲೇ ಮಕ್ಕಳಿಗೆ ಎಲ್ಲಿ ಹಿಡಿ ಸಿಗುತ್ತದೆ ಎಂದು ನಿರ್ಧರಿಸಿಕೊಳ್ಳಬೇಕು.

ಗ್ರೀಕ್ ಇತಿಹಾಸಕಾರ ಪಾಲಿಬಿಯಸ್ ಅಕ್ಷರಗಳನ್ನು ಐದು ಸಾಲು ಐದು ಕಂಬಗಳ ಚೌಕದಲ್ಲಿಟ್ಟು ಪಂಜುಗಳ ಎಣಿಕೆಯಿಂದ ಸುದ್ದಿ ಕಳಿಸುವ ಕ್ರಮವನ್ನು ವಿವರಿಸಿದ್ದಾನೆ. ಇಂಗ್ಲಿಷಿನ ಇಪ್ಪತ್ತಾರು ಅಕ್ಷರಗಳನ್ನು ಆ ಚೌಕಕ್ಕೆ ತುರುಕಲು ಎರಡನ್ನು ಒಂದೇ ಮನೆಯಲ್ಲಿ ಕೂರಿಸಬೇಕು. ನಮ್ಮ ವರ್ಗೀಯ ವ್ಯಂಜನಗಳು ಚೌಕವಾಗಿಯೇ ಹುಟ್ಟಿವೆ. ಕವರ್ಗ ಮೊದಲ ಸಾಲು, ಪವರ್ಗ ಐದನೆಯದು. ಕ 11, ಜ 23, ಡ 33, ನ 45, ಮ 55. ಅವರ್ಗೀಯ ವ್ಯಂಜನಗಳು ಆರನೆಯ ಸಾಲು: ಯ 61, ರ 62, ಲ 63, ವ 64, ಶ 65, ಷ 66, ಸ 67, ಹ 68, ಳ 69.

ಕಾಗುಣಿತಕ್ಕೆ ಮೂರನೆಯ ಅಂಕಿ: ಅ 1, ಆ 2, ಇ 3, ಈ 4, ಉ 5, ಊ 6, ಎ 7, ಏ 8, ಒ 9, ಓ 0. ‘ಬಾಗಿಲು’ ಎಂಬುದು 532 133 635 ಆಗುತ್ತದೆ. ಪದದ ಮೊದಲಲ್ಲಿ ಸ್ವರ ಬಂದರೆ 70ರ ಮುಂದೆ ಅದರ ಅಂಕಿ ಹಾಕಿ, ಅ 701, ಇ 703. ಅರ್ಧಾಕ್ಷರಕ್ಕೆ ಮೂರನೆಯ ಅಂಕಿಯೇ ಬೇಡ: ‘ಅಜ್ಜಿ’ 701 23 233. ಋ, ಐ, ಔ, ಅನುಸ್ವಾರ ಇರುವ ಮಾತುಗಳನ್ನು ಮೊದಮೊದಲು ಬಿಟ್ಟುಬಿಡಿ.

ಆರೇಳು ವರ್ಷದವರಿಗೆ ಚೌಕವನ್ನು ಕೈಗೇ ಕೊಡಿ. ಹತ್ತು ದಾಟಿದವರಿಗೆ ಚೌಕ ಕೊಡದೆ ಒಂದು ಬಿಡಿಸಿದ ಪದವನ್ನು ಮಾತ್ರ ಕೊಡಿ. ಐದನೇ ತರಗತಿಯ ಹುಡುಗಿಯೊಬ್ಬಳು ಚೀಟಿಯನ್ನು ನೆಲದ ಮೇಲೆ ಹರಡಿಕೊಂಡು, ಪ್ರತಿ ಮೂರರ ಗುಂಪಿನ ಕೊನೆಯ ಅಂಕಿಯ ಕೆಳಗೆ ಗೆರೆ ಎಳೆದಳು. “ಅಜ್ಜಿ, ಮೊದಲ ಅಂಕಿ ಏಳನ್ನು ದಾಟುವುದೇ ಇಲ್ಲ, ಕೊನೆಯದು ಮಾತ್ರ ಎಲ್ಲವೂ ಬರುತ್ತದೆ. ಕೊನೆಯದು ಕಾಗುಣಿತ ಅಲ್ಲವೇ?” ಎಂದಳು. ಆಮೇಲೆ ಎರಡಂಕಿಯ ಗುಂಪು ಪದದ ಕೊನೆಯಲ್ಲಿ ಎಂದೂ ಬರುವುದಿಲ್ಲ ಎಂಬುದನ್ನೂ ಅವಳೇ ಹಿಡಿದಳು. ಕನ್ನಡದ ಮಾತು ಸ್ವರದಲ್ಲಿ ಮುಗಿಯುತ್ತದೆ ಎಂಬ ವ್ಯಾಕರಣ ಪಾಠ ಅವಳಿಗೆ ಅಂಕಿಯ ಬಾಯಿಂದ ಬಂತು. ಈ ನಾಡಿನಲ್ಲಿ ಇಂಥ ಬುದ್ಧಿಗೆ ಹಳೆಯ ಬೇರಿದೆ. ಜೈನ ಮುನಿ ಕುಮುದೇಂದುವಿನ ಸಿರಿಭೂವಲಯ ಎಂಬ ಗ್ರಂಥದಲ್ಲಿ ಅಕ್ಷರವೇ ಇಲ್ಲ. 27 ಸಾಲು 27 ಕಂಬಗಳ ಚೌಕಗಳಲ್ಲಿ 1ರಿಂದ 64ರವರೆಗಿನ ಅಂಕಿಗಳು ಮಾತ್ರ.

ದೊಡ್ಡ ಮಕ್ಕಳಿಗೆ ಇನ್ನೊಂದು ಪದರ ಹಾಕಿ. ಒಂದು ಕೀಲಿಸಂಖ್ಯೆ ತೆಗೆದುಕೊಂಡು ಸಂದೇಶದ ಅಂಕಿಗಳ ಕೆಳಗೆ ಮತ್ತೆ ಮತ್ತೆ ಬರೆದು, ದಶಕ ಒಯ್ಯದೆ ಕೂಡಿಸಿ. 8ಕ್ಕೆ 5 ಕೂಡಿದರೆ 13 ಅಲ್ಲ, ಬರೀ 3. ಲಾಲ್‌ಬಾಗಿನ ಗಾಜಿನ ಮನೆಗೆ ಅಡಿಗಲ್ಲು ಬಿದ್ದದ್ದು 1889ರಲ್ಲಿ. ಅದನ್ನೇ ಕೀಲಿ ಮಾಡಿದರೆ ‘ಬಾಗಿಲು’ 610 041 426 ಆಗುತ್ತದೆ. ಬಿಡಿಸುವಾಗ ಕೀಲಿಯನ್ನು ಕಳೆಯಿರಿ; ಸಾಲದಿದ್ದರೆ ಹತ್ತು ಸೇರಿಸಿಕೊಂಡು ಕಳೆಯಿರಿ.

ಕೀಲಿಯನ್ನು ನೇರವಾಗಿ ಕೊಡಬೇಡಿ. ನಮ್ಮ ಶಾಸನಗಳಲ್ಲಿ ವರ್ಷವನ್ನು ಭೂತಸಂಖ್ಯೆಯಲ್ಲಿ ಹೇಳುವ ರೂಢಿಯಿತ್ತು: ಚಂದ್ರ 1, ನೇತ್ರ 2, ಅಗ್ನಿ 3, ವೇದ 4, ಬಾಣ 5, ಋತು 6, ಗಿರಿ 7, ವಸು ಅಥವಾ ಗಜ 8, ನಿಧಿ 9, ಆಕಾಶ 0. ಓದುವುದು ಬಲದಿಂದ ಎಡಕ್ಕೆ. ಮಕ್ಕಳ ಕೈಗೆ ‘ನಿಧಿ, ಗಜ, ವಸು, ಚಂದ್ರ’ ಎಂದು ಬರೆದ ಚೀಟಿ ಕೊಡುತ್ತೇನೆ. 9881 ಎಂದು ಬರೆದುಕೊಂಡು ಕೀಲಿ ಹಚ್ಚಿ, ಅರ್ಥವಿಲ್ಲದ ಅಕ್ಷರ ಬಂದಾಗ ತಿರುಗಿಸಿ ನೋಡುವವರೆಗೂ ನಾನು ಬಾಯಿ ಬಿಡುವುದಿಲ್ಲ.

ಕೀಲಿ ಸಂದೇಶದಷ್ಟೇ ಉದ್ದವಾಗಿದ್ದು, ಚೀಲದಿಂದ ಎತ್ತಿದ ಅಂಕಿಗಳಿಂದಾಗಿದ್ದು, ಒಮ್ಮೆ ಮಾತ್ರ ಬಳಕೆಯಾದರೆ ಈ ಕೂಡುವ ಲೆಕ್ಕವನ್ನು ಯಾವ ಗಣಕಯಂತ್ರವೂ ಒಡೆಯಲಾರದು. ಅಮೆರಿಕದ ಗಣಿತಜ್ಞ ಕ್ಲಾಡ್ ಶ್ಯಾನನ್ ಅದನ್ನು ಗಣಿತದಿಂದ ಸಾಧಿಸಿ 1949ರಲ್ಲಿ ಪ್ರಕಟಿಸಿದರು. ಆದರೆ ಈ ಉಪಾಯವನ್ನು 1882ರಲ್ಲೇ ತಂತಿ ಸಂದೇಶಗಳಿಗಾಗಿ ಬರೆದಿಟ್ಟವರು ಕ್ಯಾಲಿಫೋರ್ನಿಯಾದ ಫ್ರಾಂಕ್ ಮಿಲ್ಲರ್. ಅವರು ಬ್ಯಾಂಕಿನವರು ಎಂಬುದು ನನಗೆ ಬಹಳ ಹೆಮ್ಮೆಯ ವಿಷಯ. ಮನೆಮಂದಿಗೆ ಹೇಳಿದ ಹತ್ತು ಸಂಖ್ಯೆಗಳ ಪಟ್ಟಿಯೂ ಇದೇ ಕುಲದ್ದು.

ಆಡಿಸುವವರಿಗೆ ಕೆಲವು ಮಾತು. ಚೀಟಿಗಳನ್ನು ಮರಕ್ಕೆ ಅಂಟಿಸಬೇಡಿ, ಮೊಳೆಯಂತೂ ಬೇಡವೇ ಬೇಡ. ಕೆರೆಯ ದಂಡೆ, ಗಾಜಿನ ಮನೆ, ಕೆಂಪೇಗೌಡ ಗೋಪುರವಿರುವ ಬಂಡೆ ಹೀಗೆ ಒಂದೊಂದು ಕಡೆ ದೊಡ್ಡವರೊಬ್ಬರನ್ನು ನಿಲ್ಲಿಸಿ. ಪ್ರತಿ ಚೀಟಿಯ ಸಂಖ್ಯೆಗೂ ತುದಿಯಂಕಿ ಹಾಕಿ, ನಕಲು ಮಾಡುವಾಗ ಆದ ತಪ್ಪನ್ನು ಮಕ್ಕಳೇ ಹಿಡಿಯಲಿ. ಮೂವರಿಗಿಂತ ದೊಡ್ಡ ಗುಂಪು ಬೇಡ, ನಾಲ್ಕನೆಯವರು ಸುಮ್ಮನೆ ಹಿಂದೆ ನಡೆಯುತ್ತಾರೆ. ಹತ್ತು ನಿಮಿಷ ಒಂದೇ ಚೀಟಿಯ ಮೇಲೆ ನಿಂತರೆ ಒಂದು ಅಕ್ಷರ ಬಿಡಿಸಿ ಕೊಡಿ.

ಅಭ್ಯಾಸಕ್ಕೆ ಎರಡು ಪದಗಳ ಒಂದು ಸಾಲು ಕೊಡುತ್ತೇನೆ. ಕೀಲಿ ಮೇಲೆ ಹೇಳಿದ್ದೇ. ಕೊನೆಯ ಗುಂಪನ್ನು ನೀವು ಆಗಲೇ ಒಮ್ಮೆ ನೋಡಿದ್ದೀರಿ, ಅಲ್ಲಿಂದ ಹಿಡಿಯಿರಿ. ಚಿಕ್ಕ ಕೀಲಿಯನ್ನು ಮತ್ತೆ ಮತ್ತೆ ಬಳಸಿದರೆ ಗುಟ್ಟು ಎಲ್ಲಿ ಸೋರುತ್ತದೆ ಎಂಬುದೂ ಅಲ್ಲೇ ಕಾಣುತ್ತದೆ.

535 539 484 916 / 610